ಏಳು ಗುಡಿಗಳ ನಡಿಗೆಗೆ ಮೊದಲು

ನನ್ನ ತಂಗಿಯ ಮಗಳು ಜಪಾನಿನ ಕ್ಯೋಟೋದಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡುತ್ತಾಳೆ. ಹೋದ ಬೇಸಿಗೆಯಲ್ಲಿ ಫೋನು ಮಾಡಿದಾಗ ಅಂದಳು: "ದೊಡ್ಡವ್ವ, ಹೊಸಾ ವರ್ಷಕ್ಕ ಇಲ್ಲಿ ಮಂದಿ ಏಳು ಗುಡಿಗೆ ನಡಕೋತ ಹೋಗ್ತಾರ. ಒಂದೊಂದು ಗುಡ್ಯಾಗ ಕಾಗದದ ಮ್ಯಾಲ ಒಂದೊಂದು ಶಿಕ್ಕಾ ಹೊಡಿಸ್ಕೋತಾರ. ಒಂದ್ರಾಗ ನಮ್ಮ ಸರಸ್ವತಿನೂ ಅದಾಳ. ನೀ ಬಾ."

ಬರುತ್ತೇನೆ ಅಂದೆ. ಯಾರನ್ನೂ ಕೇಳದೆ ಅಂದೆ.

ಮರುದಿನವೇ ನಡೆಯುವ ರೂಢಿಗೆಂದು ಸೀರೆಯ ಕೆಳಗೆ ಬೂಟು ಹಾಕಿಕೊಂಡು ನಮ್ಮೂರು ನಿಲಂಗಾದಿಂದ ಉದಗೀರಿನ ರಸ್ತೆ ಹಿಡಿದೆ. ಬಸ್‌ಸ್ಟ್ಯಾಂಡಿನಲ್ಲಿದ್ದವರು ತಿರುಗಿ ನೋಡಿದರು. ನೋಡಲಿ ಅಂತ ಇನ್ನೂ ಜೋರಾಗಿ ನಡೆದೆ.

ಸುದ್ದಿ ಯೆಣೆಗೂರಿನಲ್ಲಿ ಹೊಲ ನೋಡಿಕೊಂಡಿರುವ ಭಾವನವರಿಗೆ ಮುಟ್ಟಿತು. ಬಂದು ಕುಳಿತವರೇ ನನ್ನ ಗಂಡನಿಗೆ ಹೇಳಿದರು: "ನಿನ್ನ ಹೆಂಡ್ತಿ ಬೂಟು ಹಾಕ್ಕೊಂಡು ಸಡಕಿನ ಮ್ಯಾಲ ತಿರಗ್ಲಾಕತ್ತಾಳಂತ. ಮಂದಿ ನಗ್ಲಾಕತ್ತಾರ. ಕೊರಳಾಗ ಲಿಂಗ ಅದ, ಮತ್ತ ಪರದೇಶದ ಗುಡಿ ಯಾಕ ಬೇಕು?"

ನನ್ನ ಗಂಡ ನೆಲ ನೋಡುತ್ತಿದ್ದರು. ಮದುವೆಯಾದಾಗಿನಿಂದ ನಾನು ಭಾವನವರ ಎದುರು ಬಾಯಿ ತೆರೆದವಳಲ್ಲ. ಚಹಾದ ಕಪ್ಪು ಕೆಳಗಿಟ್ಟು ಮುಂದೆ ಬಂದೆ.

"ಭಾವ, ಆ ಮಾತು ನನಗ ಕೇಳ್ರಿ. ಕೊರಳಾಗಿನ ಲಿಂಗ ನನ್ನ ಜೋಡಿನೇ ಬರ್ತದ. ನೀವು ದರ ವರ್ಷ ಶ್ರೀಶೈಲಕ್ಕ ನಡಕೋತ ಹೋಗ್ತೀರಿ. ಕೊರಳಾಗ ಲಿಂಗ ಇಲ್ಲೇನು ಅಂತ ನಿಮಗ ಯಾರರೆ ಕೇಳ್ಯಾರೇನ್ರಿ?"

ಅವರು ಚಹಾ ಕುಡಿಯದೆ ಎದ್ದು ಹೋದರು.

"ಅಣ್ಣಗ ಹಂಗ ಅನಬಾರದಿತ್ತು," ಅಂದರು ನನ್ನ ಗಂಡ.

"ಯಾಕ ಅನಬಾರದು?"

ನನಗೆ ಪಶ್ಚಾತ್ತಾಪವಾಗಲಿಲ್ಲ. ಆ ಚಹಾವನ್ನು ನಾನೇ ಕುಡಿದೆ.

ಕೆಲವು ದಿನ ಬಿಟ್ಟು ಭಾವನವರು ಹೇಳಿಕಳಿಸಿದರು: ಹೋಗುವುದೇ ಆದರೆ ಗಂಡನೂ ಜೊತೆಗೆ ಹೋಗಲಿ. ಆಗಲಿ, ನಡೆದು ನೋಡಲಿ ಅಂದೆ. ವಲಾಂಡಿಯ ನಂಟರ ಮನೆಯಿಂದ ಬರುವಾಗ ಅರ್ಧ ದಾರಿಯಲ್ಲಿ ಇಬ್ಬರೂ ಬಸ್ಸಿನಿಂದ ಇಳಿದೆವು. ಸ್ವಲ್ಪ ದೂರಕ್ಕೇ ಅವರು ಧಾಬಾದ ಹೊರಸಿನ ಮೇಲೆ ಕುಳಿತುಬಿಟ್ಟರು.

"ನೀ ನಡಿ. ನಾ ಬಸ್ಸಿಗೆ ಬರ್ತೀನಿ."

ನಡೆದೆ. ಹಿಂದಿನಿಂದ ಬಂದ ಬಸ್ಸನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು: "ಹತ್ತತೀಯೇನು?"

"ಇಲ್ಲ. ನೀವು ಹೋಗ್ರಿ, ಅನ್ನಕ್ಕ ಇಡ್ರಿ."

ರಾತ್ರಿ ಮೊಣಕಾಲು ಬಾತಿತ್ತು. ಅವರೇ ಹರಳೆಣ್ಣೆ ಹಚ್ಚಿದರು. ಬೆಳಿಗ್ಗೆ ಮತ್ತೆ ಬೂಟು ಕಟ್ಟಿದೆ.

ಜಪಾನಿಗೆ ಟಿಕೆಟ್ಟು ಒಂದೇ ತೆಗೆಸಿದ್ದೇವೆ.