ಮಗಳ ಮೇಲಿನ ಮಾತನ್ನು ಮಾಯವ್ವ ಇಳಿಸಿದ್ದು

ಚಿಂಚಲಿ ಮಾಯವ್ವನನ್ನು ನಂಬಿ ನಡೆಯುವ ಎಲ್ಲರಿಗೂ ಕಬ್ಬೂರ ಕಡೆಯ ಒಬ್ಬ ಹೆಣ್ಣುಮಗಳ ನಮಸ್ಕಾರ. 2019ರ ಬೇಸಿಗೆಯಲ್ಲಿ ನನ್ನ ಮಗಳು ಕಸ್ತೂರಿಯ ಓದು ನಿಂತೇ ಹೋಗುವುದರಲ್ಲಿತ್ತು. ಓದು ನಿಂತಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆದರೆ ಸರಕಾರ ಕೊಟ್ಟ ಸ್ಕಾಲರ್‌ಶಿಪ್ ತಿಂದು, ಬಂದಿಲ್ಲವೆಂದು ಸುಳ್ಳು ಹೇಳುವ ಹುಡುಗಿ ಎಂಬ ಮಾತು ಅವಳ ಮೇಲೆ ಬಂತು. ಅದನ್ನು ಸಹಿಸುವುದು ನನ್ನಿಂದಾಗಲಿಲ್ಲ.

ನಮ್ಮದು ಕುರಿ ಕಾಯುವ ಮನೆತನ. ಯಜಮಾನರಿಗೆ ಒಂದಿಷ್ಟು ಕುರಿ, ಮಳೆಯನ್ನೇ ನಂಬಿದ ತುಸು ಹೊಲ. ನಾನು ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಹತ್ತನೆಯ ತರಗತಿಯವರೆಗೆ ಓದಿದ್ದೇನೆ. ‘ಇಕಿ ಓದಿದ್ದು ಹತ್ತನೇತ್ತ, ಇಕಿ ಬಾಯಿ ಮಾತ್ರ ವಕೀಲಕಿ ಮುಗಿಸೇತಿ’ ಎಂದು ಯಜಮಾನರು ಬಂದವರೆದುರು ಚೇಷ್ಟೆ ಮಾಡುತ್ತಾರೆ. ಕಸ್ತೂರಿ ನಿಪ್ಪಾಣಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಳು. ಅರ್ಧ ಫೀ ನಾವು ಕಟ್ಟಿದ್ದೆವು. ಉಳಿದರ್ಧ ಸ್ಕಾಲರ್‌ಶಿಪ್ ಬಂದ ಮೇಲೆ ಕಟ್ಟುವುದೆಂದು ಮಾತಾಗಿತ್ತು. ಪರೀಕ್ಷೆ ಹತ್ತಿರ ಬಂತು, ಸ್ಕಾಲರ್‌ಶಿಪ್ ಬರಲಿಲ್ಲ. ಫೀ ಬಾಕಿಯಿದ್ದವರಿಗೆ ಹಾಲ್ ಟಿಕೆಟ್ ಇಲ್ಲ ಎಂದು ಕಾಲೇಜಿನವರು ಫಲಕಕ್ಕೆ ಹಚ್ಚಿದರು.

ಆ ಕಾಲೇಜಿನಲ್ಲಿ ಬಡ ಮಕ್ಕಳಿಗೆಂದು ಒಂದು ನಿಧಿ ಇತ್ತು. ಸ್ಕಾಲರ್‌ಶಿಪ್ ತಡವಾದ ಮಕ್ಕಳಿಗೆ ಅದರಿಂದ ಕೈಗಡವಾಗಿ ಫೀ ಕಟ್ಟಿಕೊಳ್ಳುತ್ತಾರೆ, ಸ್ಕಾಲರ್‌ಶಿಪ್ ಬಂದ ಕೂಡಲೇ ಮಕ್ಕಳು ಮರಳಿಸಬೇಕು. ಬಡ್ಡಿ ಇಲ್ಲ. ಇದನ್ನು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಶಾಲೆಗೆ ರಜೆ ಹಾಕಿ, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಮಗಳನ್ನು ಕರೆದುಕೊಂಡು ಆಫೀಸಿನ ಕಿಟಕಿಯ ಮುಂದೆ ನಿಂತೆ.

ಕ್ಲಾರ್ಕ್ ಕಂಪ್ಯೂಟರಿನಲ್ಲಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಮಗಳನ್ನು ನೋಡಿದರು.

“ಬಾಯಾರ, ನಿಮ್ಮ ಹುಡುಗಿ ಸ್ಕಾಲರ್‌ಶಿಪ್ ಜಮಾ ಆಗೇತಿ. ಹೋದ ತಿಂಗಳ ಆಗೇತಿ.”

“ಇಲ್ರಿ ಸಾಹೇಬ್ರ, ನಮಗ ಬಂದಿಲ್ರಿ.”

“ಇಲ್ಲಿ ತೋರಸಾಕತ್ತೈತಿ. ಬಂದವ್ರಿಗೆ ಈ ನಿಧಿ ಕೊಡಾಕ ಬರಾಂಗಿಲ್ಲ. ಮನ್ಯಾಗ ಒಮ್ಮೆ ಛಂದಂಗ ವಿಚಾರ ಮಾಡ್ರಿ.” ಧ್ವನಿ ತಗ್ಗಿಸಿ ಹೇಳಿದರು, “ಹಾಸ್ಟೆಲ್ ಹುಡುಗ್ಯಾರು... ನಿಮಗ ಗೊತ್ತಾಗಂಗಿಲ್ಲ.”

ಅವರು ಕೆಟ್ಟವರಲ್ಲ. ಅವರ ಕಣ್ಣಿಗೆ ಕಂಡದ್ದನ್ನು ಅವರು ಹೇಳಿದರು. ಆದರೆ ನಮ್ಮ ಹಿಂದೆ ಸಾಲಿನಲ್ಲಿ ಅವಳ ಜೊತೆಯ ಹುಡುಗಿಯರು ನಿಂತಿದ್ದರು. ಮಾತು ಹಾಸ್ಟೆಲ್ ಮುಟ್ಟಲು ಎಷ್ಟು ಹೊತ್ತು? ಕಸ್ತೂರಿ ನನ್ನ ಸೆರಗನ್ನು ಹಿಡಿದುಕೊಂಡವಳು ಬಸ್ ನಿಲ್ದಾಣದವರೆಗೂ ಬಿಡಲಿಲ್ಲ.

ಮರುದಿನ ನಮ್ಮ ಬ್ಯಾಂಕಿಗೆ ಹೋದೆವು. ಅವಳ ಖಾತೆಯಲ್ಲಿ ಹಣವಿರಲಿಲ್ಲ. “ಆಧಾರ್ ಕಡೀಕ ಯಾವ ಬ್ಯಾಂಕಿಗೆ ಜೋಡ್ಸಿರಿ, ರೊಕ್ಕ ಅಲ್ಲಿಗೆ ಹೋಗ್ತೈತಿ. ಬ್ಯಾರೆ ಕಡೆ ಖಾತೆ ಐತೇನು?” ಎಂದು ಬ್ಯಾಂಕಿನವರು ಕೇಳಿದರು. ಇಲ್ಲವೆಂದೆವು. ನಮಗೆ ತಿಳಿದಮಟ್ಟಿಗೆ ಅದು ನಿಜವೇ ಆಗಿತ್ತು.

ಆ ಸಂಜೆ ಯಜಮಾನರು ಕುರಿ ಹಟ್ಟಿಗೆ ಸೇರಿಸಿ ಊಟಕ್ಕೆ ಕುಳಿತರು. ರೊಟ್ಟಿ ಮುರಿಯುತ್ತ, ತಲೆಯೆತ್ತದೆ ಮಗಳನ್ನು ಕೇಳಿದರು.

“ಖರೇ ಹೇಳವ್ವಾ. ಮೊಬೈಲ್ ತಗೊಂಡಿಯೇನ? ಯಾರಿಗರ ಕೊಟ್ಟಿಯೇನ? ನಾ ಬಯ್ಯಾಂಗಿಲ್ಲ.”

“ಅಪ್ಪಾ, ನೀನೂ ಹಂಗ ಅಂತಿ?” ಎಂದಳು ಕಸ್ತೂರಿ. ತಾಟು ಸರಿಸಿ ಎದ್ದು ಹೋದಳು.

ನಾನು ಯಜಮಾನರನ್ನು ಬಾಯಿಗೆ ಬಂದಂತೆ ಬೈದೆ. ಬೆಳಗಾದ ಮೇಲೆ ಅವರು, “ಆತು, ಒಂದೀಟ್ ಕುರಿ ಹೊಡ್ಕೊಂಡು ಸಂತಿಗೆ ಹೋಗ್ತೇನಿ. ಮಾರಿ ಕಟ್ಟೂಣು” ಎಂದರು. ಅವರಿಗೆ ಕುರಿಯೆಂದರೆ ಜೀವ. ಆದರೂ ಮಗಳಿಗಾಗಿ ಹೊರಟರು. ತಡೆದವಳು ಕಸ್ತೂರಿಯೇ.

“ಮಾರಬ್ಯಾಡ. ಕುರಿ ಮಾರಿ ಕಟ್ಟಿದ್ರ ನಾ ತಿಂದಿದ್ದು ಖರೇ ಅಂತ ಆಕ್ಕೈತಿ. ನನಗ ಪರೀಕ್ಷೆನೂ ಬ್ಯಾಡ, ನರ್ಸ್ ಆಗೂದೂ ಬ್ಯಾಡ.”

ಹಾಗೆಂದವಳು ಮಾತೇ ಬಿಟ್ಟಳು. ಕೊಟ್ಟರೆ ಉಂಡಳು, ಕೊಡದಿದ್ದರೆ ಇಲ್ಲ. ಹಾಸ್ಟೆಲ್‌ನ ಟ್ರಂಕನ್ನು ತರಿಸಿಕೊಳ್ಳಿ ಎಂದು ಒಮ್ಮೆ ಹೇಳಿದಳು, ಅಷ್ಟೇ. ಹೆಣ್ಣುಮಗಳು ಅತ್ತರೆ ತಾಯಿ ಕಣ್ಣೊರೆಸಬಹುದು. ಅಳದೆ ಗೋಡೆ ನೋಡುತ್ತ ಕುಳಿತರೆ ಏನು ಮಾಡುವುದು? ಬಾವಿಯ ಕಡೆ ಅವಳು ಹೊರಟರೂ ನಾನು ಹಿಂದೆಯೇ ಹೋಗುತ್ತಿದ್ದೆ.

ಇಂಥ ಹೊತ್ತಿನಲ್ಲಿ ಕೈ ಹಿಡಿಯಲು ನನಗೆ ಒಬ್ಬನೇ ಅಣ್ಣ, ಬಾಳು. ಗಡಿಯಾಚೆ ಕಾಗಲ್ ಹತ್ತಿರದ ಹಳ್ಳಿಯಲ್ಲಿ ನನ್ನ ತವರು. ಆದರೆ ಅಣ್ಣ ಇದ್ದೂ ಇಲ್ಲದಂತಾಗಿದ್ದ. ಕಸ್ತೂರಿ ತನ್ನ ಮಗನಿಗೇ ಎಂದು ಅವನು ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದ. ನಮ್ಮಲ್ಲಿ ಅದು ರೂಢಿಯೇ. ಹಿಂದಿನ ದೀಪಾವಳಿಗೆ ಬಂದು ಮದುವೆಯ ಮಾತೆತ್ತಿದ. ಕಲಿಯುವ ಹುಡುಗಿಗೆ ಈಗಲೇ ಮದುವೆ ಬೇಡವೆಂದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗಿರುತ್ತಿದ್ದೆನೇ? “ನಿನ್ನ ಎಮ್ಮಿ ಸಗಣಿ ಬಳಿಯಾಕ ನನ್ನ ಮಗಳನ್ನ ಓದಿಸಿಲ್ಲ” ಎಂದೂ ಅಂದೆ. ಅಣ್ಣ ಎದ್ದವನೇ ನಮ್ಮ ದೇವರ ಜಗುಲಿಗೆ ಕೈಹಾಕಿ ಭಂಡಾರ ಎತ್ತಿದ. “ಮಾಯವ್ವನಾಣಿ, ನಿನ್ನ ಹೊಸ್ತಿಲಾ ತುಳ್ಯಾಂಗಿಲ್ಲ, ನಿನ್ನ ಜೋಡಿ ಮಾತಾಡಾಂಗಿಲ್ಲ” ಎಂದು ಹೋದ.

ಭಂಡಾರವೆಂದರೆ ಅರಿಸಿನ ಪುಡಿ, ತಾಯಿಯ ಪ್ರಸಾದ. ಅದನ್ನು ಕೈಯಲ್ಲೆತ್ತಿ ಆಡಿದ ಮಾತನ್ನು ಮುರಿದವನ ಮನೆ ಉಳಿಯುವುದಿಲ್ಲ ಎಂದು ನಮ್ಮವರು ನಂಬುತ್ತಾರೆ. ಎತ್ತಿದವನೇ ಚಿಂಚಲಿಗೆ ಹೋಗಿ ತಾಯಿಯ ಮುಂದೆ ಇಳಿಸಿ ತಪ್ಪೊಪ್ಪಿಕೊಳ್ಳುವವರೆಗೆ ಬೇರೆ ದಾರಿಯಿಲ್ಲ. ಅಣ್ಣನ ಹಟ ನನಗೆ ಗೊತ್ತು. ಹಾಗಾಗಿ ಅವನ ಆಸೆ ಬಿಟ್ಟಿದ್ದೆ.

ಫೀ ಕಟ್ಟಲು ಕೊನೆಯ ದಿನ ಹತ್ತಿರವಾಯಿತು. ಒಂದು ಮಂಗಳವಾರ ನಸುಕಿನಲ್ಲಿ ಯಾರಿಗೂ ಹೇಳದೆ ರಾಯಬಾಗದ ಬಸ್ಸು ಹತ್ತಿದೆ. ಅಲ್ಲಿಂದ ಚಿಂಚಲಿ. ಬೇಡಿಕೊಳ್ಳಲು ಹೋದೆನೆಂದು ತಿಳಿಯಬೇಡಿರಿ. ಜಗಳ ಮಾಡಲು ಹೋಗಿದ್ದೆ. ಕಾಯಿ ತೆಗೆದುಕೊಳ್ಳಲಿಲ್ಲ, ಹಣೆಗೆ ಭಂಡಾರ ಹಚ್ಚಿಕೊಳ್ಳಲಿಲ್ಲ. ಸರದಿ ಬಂದಾಗ ತಾಯಿಯ ಮುಖ ನೋಡಿ ಬಾಯಿ ಬಿಟ್ಟೆ.

“ಯವ್ವಾ, ನಿನಗ ಕಣ್ಣ ಅದಾವೋ ಇಲ್ಲೋ? ನನ್ನ ಮಗಳು ಕಳ್ಳಿ ಆಗ್ಯಾಳ. ಹೆತ್ತ ಅಪ್ಪ ನಂಬವಲ್ಲ. ನಾ ರೊಕ್ಕ ಬೇಡಾಂಗಿಲ್ಲ, ಫೀ ಬೇಡಾಂಗಿಲ್ಲ. ಆಕಿ ಮ್ಯಾಲಿನ ಮಾತ ತಗಿ. ತಗ್ಯಾಕ ಆಗಲಿಲ್ಲಂದ್ರ ನಿನ್ನ ಹೆಸರ ನಮ್ಮ ಮನ್ಯಾಗ ಬ್ಯಾಡ.”

ಪೂಜಾರಿ ಸರಿಯಿರಿ ಎಂದರು. ಹಿಂದಿನವರು ನೂಕಿದರು. ಪಕ್ಕಕ್ಕೆ ಬಂದು ಕಂಬಕ್ಕೆ ಒರಗಿದೆ. ಆಡಬಾರದ್ದನ್ನು ಆಡಿದೆನೆಂಬ ಅಂಜಿಕೆ ಹತ್ತಿತು. ಆಗ ಗಂಡಸರ ಸಾಲಿನಲ್ಲಿ ಯಾರೋ ಬಿಕ್ಕಿ ಅಳುವುದು ಕೇಳಿಸಿತು. ಆ ಧ್ವನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ತಿರುಗಿದರೆ ಬಾಳು ಅಣ್ಣ! ಅಂಗೈಯ ಭಂಡಾರವನ್ನು ತಾಯಿಯ ಪಾದಕ್ಕೆ ಸುರಿದು ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದ.

ನನ್ನನ್ನು ಕಂಡು ಅವನೂ ಬೆಚ್ಚಿದ. ಆಮೇಲೆ ನೆಟ್ಟಗೆ ಬಂದು ನನ್ನ ಕೈ ಹಿಡಿದ.

“ತಂಗೀ, ಈಗ ಇಳಿಸೇನಿ. ಈಗ ಮಾತಾಡಾಕ ಬರ್ತೈತಿ. ಕಸ್ತೂರಿ ಸ್ಕಾಲರ್‌ಶಿಪ್ ನನ್ನ ಕಡೆ ಐತಿ.”

“ನಿನ್ನ ಕಡೆ? ಕಳ್ಳ ನೀನಾ ಏನಲೇ?” ಎಂದೆ, ದೇವಸ್ಥಾನವೆಂಬುದನ್ನೂ ಮರೆತು.

“ಹೌದವ್ವಾ, ನಾನ. ಬೈಯಿ. ಮೊದಲ ಕೇಳ್ಕೋ.”

ಎರಡು ಬೇಸಿಗೆಯ ಹಿಂದೆ ಕಸ್ತೂರಿ ಮಾಮನ ಊರಿಗೆ ರಜೆಗೆ ಹೋಗಿದ್ದಳು. ಸೊಸೆಯಾಗುವವಳು ಎಂಬ ಹಿಗ್ಗಿನಲ್ಲಿ ಅಣ್ಣ ಅವಳನ್ನು ಕಾಗಲ್‌ನ ಬ್ಯಾಂಕಿಗೆ ಕರೆದೊಯ್ದು ಅವಳ ಹೆಸರಿನಲ್ಲಿ ಖಾತೆ ತೆಗೆಸಿದ್ದ, ಮದುವೆಗೆಂದು ಅದರಲ್ಲಿ ಆಗಾಗ ಕೂಡಿಡಲು. ಅವಳ ಆಧಾರ್ ಕೊಟ್ಟಿದ್ದ, ಮೊಬೈಲ್ ನಂಬರ್ ಮಾತ್ರ ತನ್ನದು. ಮಾಮ ತನ್ನ ಖಾತೆಗೇ ಸಹಿ ಹಾಕಿಸಿಕೊಂಡನೆಂದು ಹುಡುಗಿ ತಿಳಿದು ಮರೆತೇ ಬಿಟ್ಟಿದ್ದಳು. ಆಧಾರ್‌ಗೆ ಕಡೆಯದಾಗಿ ಜೋಡಿಸಿದ ಖಾತೆ ಅದೇ. ಸ್ಕಾಲರ್‌ಶಿಪ್ ಗಡಿ ದಾಟಿ ಅಲ್ಲಿಗೆ ಹೋಗಿ ಕುಳಿತಿತ್ತು.

“ಮೆಸೇಜ್ ಇಂಗ್ಲಿಷಿನಾಗ ಬಂದಿತ್ತು, ನಾ ನೋಡಿದ್ದಿಲ್ಲ. ಮೊನ್ನೆ ನನ್ನ ಹುಡುಗ ಓದಿ ಹೇಳಿದ. ಕಾಲೇಜ್ ರೊಕ್ಕ, ಆಕಿಗೆ ಬೇಕಾಗಿರ್ತೈತಿ ಅಂದ. ನಿನ್ನ ಅತ್ತಿಗಿ ಫೋನ್ ಮಾಡ್ರಿ ಅಂದ್ಲು. ಹ್ಯಾಂಗ ಮಾಡ್ಲಿ? ಭಂಡಾರ ಎತ್ತಿ ಕುಂತೇನಿ. ಬ್ಯಾರೇವ್ರ ಬಾಯಿಲೆ ಹೇಳಿಸಿದ್ರೂ ಮಾತಾಡಿದಂಗ ಅಲ್ಲೇನು? ಮೊದಲ ಅವ್ವನ ಮುಂದ ಇಳಿಸಿ, ಇಲ್ಲಿಂದ ನಿಮ್ಮೂರಿಗೆ ಬರಾಂವಿದ್ದೆ.” ಮತ್ತೆ ಕಣ್ಣೊರೆಸಿಕೊಂಡ. “ಹುಡುಗಿ ಕಲೀಲಿ ತಂಗೀ. ನನ್ನ ಮಗಗ ಬ್ಯಾರೆ ಹೆಣ್ಣ ನೋಡಿದ್ರಾತು.”

ತಾಯಿಗೆ ಕಣ್ಣಿಲ್ಲವೇ ಎಂದು ನಾನು ಬೈಯುವಾಗ, ಅವಳು ಅಣ್ಣನನ್ನು ಕರೆಸಿ ಪಕ್ಕದ ಸಾಲಿನಲ್ಲೇ ನಿಲ್ಲಿಸಿದ್ದಳು. ಮತ್ತೆ ಸಾಲು ಹಿಡಿದು ಒಳಗೆ ಹೋದೆ. ಈ ಸಲ ಬಾಯಿಯಿಂದ ಒಂದು ಮಾತೂ ಹೊರಡಲಿಲ್ಲ. ಹಣೆಯನ್ನು ನೆಲಕ್ಕೆ ಹಚ್ಚಿದೆ.

ಅಣ್ಣ ನನ್ನ ಜೊತೆಗೇ ಮನೆಗೆ ಬಂದು ಎಲ್ಲ ಹೇಳಿದ. ಮರುದಿನ ನಾವೆಲ್ಲರೂ ಕಾಗಲ್‌ಗೆ ಹೋದೆವು. ಕಸ್ತೂರಿ ಸಹಿ ಮಾಡಿ ಹಣ ತೆಗೆದಳು. ಅಲ್ಲಿಂದ ನಿಪ್ಪಾಣಿಗೆ ಬಂದು ಫೀ ಕಟ್ಟಿದೆವು. ಅಣ್ಣ ಆಫೀಸಿನ ಕಿಟಕಿಯ ಮುಂದೆ ನಿಂತು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಸಾಲಿನವರೆಲ್ಲ ಕೇಳುವಂತೆ ನಡೆದದ್ದನ್ನು ಹೇಳಿದ. ಕ್ಲಾರ್ಕ್ ಎದ್ದು ನಿಂತು, “ತಪ್ಪ ತಿಳ್ಕೋಬ್ಯಾಡವ್ವಾ” ಎಂದು ಮಗಳ ಕೈಗೆ ಹಾಲ್ ಟಿಕೆಟ್ ಕೊಟ್ಟರು. ಅವಳು ತೆಗೆದುಕೊಂಡಳು. ಮುಖದಲ್ಲಿ ನಗುವಿರಲಿಲ್ಲ.

ಜನರ ಬಾಯಿ ಮುಚ್ಚಿತು, ಮಗಳ ಒಳಗಿನ ನೋವು ಹಾಗೇ ಇದೆಯಲ್ಲ ತಾಯೀ ಎಂದುಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಯಜಮಾನರು ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದರು. ಚಿಕ್ಕೋಡಿಯ ಬಸ್ಸು ಬಂದು ನಿಂತಿತು. ಆಗ ಅವರು ಮುಂದೆ ಬಂದು ಮಗಳೆದುರು ನಿಂತರು. ನಮ್ಮ ಮಂದಿಯಲ್ಲಿ ಅಪ್ಪನಾದವನು ಮಗಳ ಮುಂದೆ ಈ ಮಾತು ಆಡುವುದಿಲ್ಲ. ಅದೂ ಹೆಂಡತಿಯ ಅಣ್ಣನ ಎದುರಿನಲ್ಲಿ.

“ಕಸ್ತೂರವ್ವಾ, ತಪ್ಪಾತು. ಕುರಿ ತಪ್ಪಿದ್ರ ಗುಡ್ಡೆಲ್ಲಾ ಹುಡಕ್ತೇನಿ. ನಿನ್ನ ಮಾತ ಖರೇನೋ ಅಂತ ಒಂದೀಟೂ ಹುಡುಕದ ತಪ್ಪ ನಿನ್ನ ಮ್ಯಾಲ ಹಾಕಿದೆ.”

ಕಸ್ತೂರಿ ಅವರ ಭುಜಕ್ಕೆ ಮುಖವಿಟ್ಟು ಹೋ ಎಂದು ಅತ್ತಳು. ಬಸ್ಸು ಹೊರಟುಹೋಯಿತು. ಅದನ್ನು ನಿಲ್ಲಿಸಲು ನಾವು ಯಾರೂ ಕೈ ಮಾಡಲಿಲ್ಲ. ಹಾಲ್ ಟಿಕೆಟ್ ಒದ್ದೆಯಾದೀತೆಂದು ಅಣ್ಣ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡು ತನ್ನ ಟೊಪ್ಪಿಗೆಯ ಒಳಗಿಟ್ಟುಕೊಂಡ. ನನ್ನ ಮಗಳು ಕೊನೆಗೂ ಅಳುತ್ತಿದ್ದಾಳೆಂದು ನಾನು ಅಂದು ನಿಪ್ಪಾಣಿ ಬಸ್ ನಿಲ್ದಾಣದಲ್ಲಿ, ಅಷ್ಟು ಜನರ ನಡುವೆ, ಚಿಂಚಲಿಯ ದಿಕ್ಕಿಗೆ ತಿರುಗಿ ಕೈ ಮುಗಿದೆ. ತಾಯೀ, ನಿನ್ನನ್ನು ಬೈದ ಈ ಬಾಯಿಯನ್ನೂ ನೀನು ಕೇಳಿದೆ.