ನೀಲಿ ವಾರದ ಕೆಂಪು

ನಮ್ಮ ಬಣ್ಣದ ಕಾರ್ಖಾನೆಯಲ್ಲಿ ಭಾವ ನೂಲಿನ ಲಡಿಗಳನ್ನು ಕುದಿಯುವ ಬಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆಯುವವರು. ನಾನು ಅಲ್ಲೇ ಶೇಡ್ ನೋಡುವವನು, ಬಣ್ಣ ಸರಿಯಾಗಿ ಕೂತಿದೆಯೇ ಎಂದು ಪಾಸ್ ಮಾಡುವವನು. ಕೆಂಪು ಕೂದಲೆಳೆಯಷ್ಟು ಹೆಚ್ಚಾದರೂ ಹಿಡಿಯುತ್ತೇನೆಂದು ಮೆರೆಯುತ್ತೇನೆ. ಕೆಲಸ ಕೊಡಿಸಿದ್ದು ಭಾವನೇ ಎಂಬುದನ್ನು ಮಾತ್ರ ಎಲ್ಲೂ ಬಾಯಿಬಿಡುವುದಿಲ್ಲ.

ನಮ್ಮಲ್ಲಿ ಯಾವ ಬಣ್ಣದ ವಾರವೋ ಆ ಬಣ್ಣದ ಬೆವರು, ಆ ಬಣ್ಣದ ಉಗುಳು. ಕೆಂಪು ವಾರದಲ್ಲಿ ಭಾವ ಪಾಯಿಖಾನೆಯಿಂದ ಬಂದು, "ಕೆಂಪಗೆ ಹೋಗ್ತಿದೆ ಕಣಯ್ಯಾ" ಎಂದರು.

"ಶೇಡ್ ಪಾಸ್ ಭಾವ" ಎಂದೆ. ಇಬ್ಬರೂ ನಕ್ಕೆವು. ನೋವಂತೂ ಇರಲಿಲ್ಲ.

ಮುಂದಿನ ವಾರ ನೀಲಿ. ಭಾವನ ಕೈ ನೀಲಿ, ಟವೆಲು ನೀಲಿ. "ಇನ್ನೂ ಕೆಂಪೇ ಕಣೋ" ಎಂದವರು ತೊಟ್ಟಿಯ ಪಕ್ಕದಲ್ಲೇ ಕುಸಿದರು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ನೀಲಿ ಉಗುರಿನಲ್ಲಿ ಏನನ್ನೂ ತೋರಿಸಲಿಲ್ಲ. ನರ್ಸ್ ಅದನ್ನು ಕಿವಿಗೆ ಸಿಕ್ಕಿಸುತ್ತ, "ಮುಖ ಇಷ್ಟು ಬಿಳಿಚಿದೆ, ಯಾರೂ ನೋಡ್ಲಿಲ್ವಾ?" ಎಂದಳು. ಬಣ್ಣ ನೋಡುವುದಕ್ಕೇ ಸಂಬಳ ತೆಗೆದುಕೊಳ್ಳುವ ನಾನು ಗೋಡೆ ನೋಡಿದೆ.

ಬಾಯಿಂದ ಒಂದು ಕ್ಯಾಮೆರಾ ಇಳಿಸಿದರು, ಕೆಳಗಿನಿಂದ ಇನ್ನೊಂದು. ಎರಡರಲ್ಲೂ ಏನೂ ಕಾಣಲಿಲ್ಲ. ಮೇಲಿನಿಂದ ರಕ್ತ ಕೊಡುತ್ತಿದ್ದರು, ಕೆಳಗೆ ಹೋಗುತ್ತಿತ್ತು. ಎಲ್ಲಿಂದ ಸೋರುತ್ತಿದೆ ಎಂದು ತಿಳಿಯದಿದ್ದರೆ ಭಾವ ಉಳಿಯುವುದಿಲ್ಲ. ಅಕ್ಕ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದಳು. ನನಗೆ ಅಳು ಬರಲಿಲ್ಲ, ಹಸಿವಾಯಿತು. ಬಿಸ್ಕತ್ತು ತಿಂದೆ.

ಕೊನೆಗೆ ಬೇರೊಂದು ಸ್ಕ್ಯಾನಿನಲ್ಲಿ ಸಣ್ಣ ಕರುಳಿನ ಹತ್ತಿರ ಚುಕ್ಕೆಯೊಂದು ಕಂಡಿತು.

"ಗರ್ಭದಲ್ಲಿದ್ದಾಗ ಕರುಳಿಂದ ಹೊಕ್ಕುಳಿಗೆ ಒಂದು ನಾಳ ಇರುತ್ತೆ" ಎಂದರು ಡಾಕ್ಟರು. "ಹುಟ್ಟೋದ್ರೊಳಗೆ ಅದು ಹೋಗ್ಬೇಕು. ಇವರಿಗೆ ಸ್ವಲ್ಪ ಉಳ್ಕೊಂಡು ಚೀಲದ ಥರ ಆಗಿದೆ. ಅದರೊಳಗೆ ಜಠರದಲ್ಲಿರೋ ಥರದ ಒಳಪದರ ಬೆಳೆದಿದೆ. ಅದು ಬಿಡೋ ಆಸಿಡ್‌ಗೆ ಪಕ್ಕದ ಕರುಳು ಹುಣ್ಣಾಗಿ ರಕ್ತ ಸೋರ್ತಿದೆ. ಕತ್ತರಿಸಿ ತೆಗೀತೀವಿ."

"ಅಂದ್ರೆ ಮದುವೆಗೆ ಮುಂಚಿಂದಾ?" ಅಕ್ಕ ಕೇಳಿದಳು.

ಭಾವ ಕಣ್ಣು ತೆರೆಯದೆ, "ನಿನ್ನ ಅಡುಗೆ ಬಚಾವಾಯ್ತು ಬಿಡು" ಎಂದರು.

ಅಕ್ಕ ನಗಲಿಲ್ಲ. ಭಾವನ ಹೊದಿಕೆಯನ್ನು ಎಳೆದು ಸರಿ ಮಾಡಿದಳು.

ಆಪರೇಷನ್ ಆಯಿತು. ರಕ್ತ ನಿಂತಿತೋ ಇಲ್ಲವೋ ತಿಳಿಯಬೇಕಾದರೆ ಭಾವ ಕಕ್ಕಸಿಗೆ ಹೋಗಬೇಕಿತ್ತು. ಕರುಳು ಮಾತ್ರ ದಿನಗಟ್ಟಲೆ ಸುಮ್ಮನಿತ್ತು. ಒಂದು ಬೆಳಿಗ್ಗೆ ಗೋಡೆ ಹಿಡಿದು ಹೋದರು. ಅಕ್ಕ ಬಾಗಿಲಲ್ಲಿ, ನಾನು ಅವಳ ಹಿಂದೆ.

"ರೀ, ನೀರು ಹಾಕ್ಬೇಡಿ. ನಾನು ನೋಡ್ಬೇಕು."

"ಮಾನ ಅನ್ನೋದು ಬೇಡ್ವೇನೇ?"

"ಬೇಡ."

ಒಳಗೆ ಹೋಗಿ ನೋಡಿದಳು. ಹೊರಗೆ ಬಂದು, "ಇಲ್ಲ. ಕೆಂಪಿಲ್ಲ" ಎಂದಳು.

"ಹೂಂ" ಎಂದೆ. ಭಾವನ ತೋಳು ಹಿಡಿದು ಮಂಚದ ಕಡೆ ನಡೆಸಿದೆ.