ಜಾಗ ಸಿಕ್ಕಿದ್ದು ನನಗೆ

ಆಳಂದದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ನನ್ನ ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಿದ್ದ ಮುದುಕಿಯೊಬ್ಬರಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಒಂದು ಮಧ್ಯಾಹ್ನ ಸೀರೆ ತರಲು ಹೋದಾಗ ಅವರು ಸೂಜಿಗೆ ದಾರ ಪೋಣಿಸುತ್ತ ಏನೋ ಗುನುಗುತ್ತಿದ್ದರು. ಅದು ಭಜನೆಯಲ್ಲ, ಸಿನಿಮಾ ಹಾಡೂ ಅಲ್ಲ. ಮೇಲಿನ ಸ್ವರಕ್ಕೆ ಹೋದ ದನಿ ಅಲ್ಲೇ ಒಂದು ಗಳಿಗೆ ನಿಂತು, ಆಮೇಲೆ ಸಾವಕಾಶವಾಗಿ ಇಳಿಯಿತು. ಎಲ್ಲಿ ಕಲಿತಿರಿ ಎಂದು ಕೇಳಿದೆ.

"ಕಂಪನ್ಯಾಗ ಇದ್ದೆನ್ರಿ, ಅಕ್ಕೋರ," ಅಂದರು. ತಲೆ ಎತ್ತಲಿಲ್ಲ.

ಹನ್ನೆರಡನೆಯ ವಯಸ್ಸಿಗೆ ನಾಟಕ ಕಂಪನಿ ಸೇರಿ, ಹದಿನೆಂಟಕ್ಕೆ ರಾಣಿಯ ಪಾತ್ರ ಹಾಕಿ, ಇಪ್ಪತ್ತು ವರ್ಷ ಊರೂರು ತಿರುಗಿದ್ದವರು ಆಯಿ. ಕಂಪನಿ ಮುಚ್ಚಿದ ಮೇಲೆ ಸೂಜಿ ಹಿಡಿದಿದ್ದರು. ಆ ದಿನದಿಂದ ನಾನು ಸೀರೆ ಇಲ್ಲದಿದ್ದರೂ ಅವರ ಮನೆಗೆ ಹೋಗತೊಡಗಿದೆ. ಅವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಜೇವರ್ಗಿಗೆ ವರ್ಗವಾದ ಮೇಲೂ ಭಾನುವಾರಗಳಂದು ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ಅಷ್ಟರಲ್ಲಿ ನಾನು ಅವರಿಗೆ 'ನೀವು' ಆಗಿ ಉಳಿದಿರಲಿಲ್ಲ, 'ನೀ' ಆಗಿದ್ದೆ. ಒಣ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡದೆ ಬಸ್ಸಿಗೆ ಬಿಡುತ್ತಿರಲಿಲ್ಲ.

ಬರೆದದ್ದೆಲ್ಲ ಸೇರಿ ಮುಕ್ಕಾಲು ಗಂಟೆಯ ಆಟವಾಯಿತು. ಪರದೆ ಇಲ್ಲ, ಬಣ್ಣ ಇಲ್ಲ. ಆಯಿ ಒಂದು ಚಾಪೆಯ ಮೇಲೆ ಕೂತು ಫಾಲ್ ಹಚ್ಚುತ್ತ ತಮ್ಮ ಕಥೆ ಹೇಳುತ್ತಾರೆ, ನಡುನಡುವೆ ಎದ್ದು ರಾಣಿಯಾಗಿ ನಡೆದು ತೋರಿಸುತ್ತಾರೆ, ಹಾಡುತ್ತಾರೆ. ತಮ್ಮ ಎಳೆಗೂಸನ್ನು ಪರದೆಯ ಹಿಂದೆ ಮಲಗಿಸಿ ದರ್ಬಾರಿನ ದೃಶ್ಯಕ್ಕೆ ಬಂದಾಗ ಕೂಸು ಅತ್ತು, ಎದೆಹಾಲು ರಾಣಿಯ ಕುಪ್ಪಸ ತೋಯಿಸಿದ್ದು ಅದರಲ್ಲಿತ್ತು. ಮುಂದೆ ಕೂತವರು ನಗಲು ಶುರು ಮಾಡಿದಾಗ ಸೆರಗು ಎಳೆದುಕೊಂಡು, ಆ ನಗುವನ್ನೇ ರಾಜನ ಮೇಲೆ ತಿರುಗಿಸಿ ಮಾತು ಕಟ್ಟಿದ್ದೂ ಇತ್ತು. ಇನ್ನೊಂದು ಭಾಗ ಅಂಗಳದ ಊಟದ್ದು. ಊರಿನ ದೊಡ್ಡ ಮನೆಯವರು ನಾಟಕ ಮೆಚ್ಚಿ ಕಲಾವಿದರನ್ನು ಊಟಕ್ಕೆ ಕರೆದಿದ್ದರು. ಗಂಡಸರಿಗೆ ಪಡಸಾಲೆಯಲ್ಲಿ ಎಲೆ ಹಾಕಿದರು. ಆಯಿಗೂ ಇನ್ನಿಬ್ಬರು ನಟಿಯರಿಗೂ ಅಂಗಳದಲ್ಲಿ, ಎತ್ತುಗಳಿಗೆ ಮೇವು ಹಾಕುವ ಗ್ವಾದಲಿಯ ಪಕ್ಕ. ಹೋಳಿಗೆ ಮಾತ್ರ ಎಲ್ಲರಿಗೂ ಒಂದೇ ಇತ್ತು ಎಂದು ಆಯಿ ಹೇಳುವಾಗ ಅವರ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಆ ವರ್ಷ ಕಲಬುರಗಿಯಲ್ಲಿ ನಾಟಕೋತ್ಸವವಿತ್ತು. ದೊಡ್ಡ ತಂಡಗಳಿಗೆ ರಂಗಮಂದಿರ. ನಮ್ಮಂಥವರಿಗಾಗಿ ಉತ್ಸವದ ಹೊರಗೊಂದು ಪಟ್ಟಿ ಮಾಡಿದ್ದರು, ಅದಕ್ಕೆ ಫ್ರಿಂಜ್ ಎಂದು ಹೆಸರು. ತಾಲೂಕಿನ ಊರುಗಳಲ್ಲಿ ಆಡಬೇಕು, ಕರಪತ್ರದಲ್ಲಿ ಹೆಸರು ಹಾಕುತ್ತಾರೆ, ಜಾಗ ಮಾತ್ರ ನಾವೇ ಹುಡುಕಿಕೊಳ್ಳಬೇಕು. ಜಾಗದವರ ಒಪ್ಪಿಗೆ ಪತ್ರ ತಿಂಗಳೊಳಗೆ ತಲುಪದಿದ್ದರೆ ಹೆಸರು ತೆಗೆಯುತ್ತಾರೆ. ಫ್ರಿಂಜ್ ಅಂದರೇನು ಎಂದು ಆಯಿ ಕೇಳಿದರು. ಅಂಚು ಎಂದೆ. ಅಂಚು ಗಟ್ಟಿ ಇದ್ದರೆ ಸೀರೆ ಬಾಳುತ್ತದೆ ಎಂದು ನಕ್ಕರು.

ಮೊದಲು ಆಳಂದದಲ್ಲೇ ಕೇಳಿದೆವು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಒಂದು ಮದುವೆ ಹಾಲ್ ಇತ್ತು. ಅದರ ಮ್ಯಾನೇಜರು ಫೋನಿನಲ್ಲಿ ಬಹಳ ಚೆನ್ನಾಗಿ ಮಾತಾಡಿ, ಮೇಡಂ ಅವರೇ ಬಂದು ಒಮ್ಮೆ ಹಾಲ್ ನೋಡಿಹೋಗಲಿ ಎಂದಿದ್ದ. ನಾನು ಆಯಿಯನ್ನೂ ಕರೆದುಕೊಂಡು ಹೋದೆ. ಅವರು ಒಗೆದು ಮಡಿಕೆ ಹಾಕಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದರು. ಮ್ಯಾನೇಜರು ನನಗೆ ಕುರ್ಚಿ ಕೊಟ್ಟ. ಇವರು ಯಾರು ಎಂದು ಕೇಳಿದ. ಇವರೇ ನಮ್ಮ ಕಲಾವಿದೆ, ಕಂಪನಿಯಲ್ಲಿ ಇಪ್ಪತ್ತು ವರ್ಷ ನಾಯಕಿಯಾಗಿದ್ದವರು ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಅವನು ಆಯಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಡೈರಿ ತೆಗೆದ. ಆ ವಾರ ಪೂರ್ತಿ ಬುಕ್ ಆಗಿದೆ, ಮರೆತೇಬಿಟ್ಟಿದ್ದೆ ಎಂದ. ಡೈರಿಯ ಆ ಹಾಳೆ ಖಾಲಿ ಇದ್ದದ್ದು ನನಗೂ ಕಂಡಿತು, ಆಯಿಗೂ ಕಂಡಿತು. ಅಷ್ಟು ಹೊತ್ತೂ ಅವರು ಬಾಗಿಲ ಬಳಿ ನಿಂತೇ ಇದ್ದರು.

ನಾನು ರಸ್ತೆಯಲ್ಲಿ ಸಿಟ್ಟಿನಿಂದ ಏನೇನೋ ಅನ್ನುತ್ತ ಬಂದೆ. ಆಯಿಗೆ ಸಿಟ್ಟು ಬಂದಂತೆ ಕಾಣಲಿಲ್ಲ.

"ಇನ್ನ ಮ್ಯಾಲ ನನ್ನ ಕರಕೊಂಡು ಹೋಗಬ್ಯಾಡ," ಅಂದರು. "ನೀ ಒಬ್ಬಾಕೀನೇ ಹೋಗಿ ಕೇಳು. ಜಾಗಾ ಸಿಗ್ತದ."

ಅಫಜಲಪುರಕ್ಕೆ ಒಬ್ಬಳೇ ಹೋದೆ. ಅಲ್ಲೊಂದು ಟ್ರಸ್ಟಿನ ಸಭಾಭವನವಿತ್ತು. ಗೋಡೆಯ ತುಂಬ ಶರಣರ ವಚನಗಳು, ಎಲ್ಲ ಕಾಯಕವೂ ಒಂದೇ, ಎಲ್ಲ ಮನುಷ್ಯರೂ ಒಂದೇ ಎಂದು ಸಾರುವಂಥವು, ದುಂಡನೆಯ ಅಕ್ಷರದಲ್ಲಿ ಬರೆಸಿದ್ದವು. ಟ್ರಸ್ಟಿನ ಹಿರಿಯರು ನಿವೃತ್ತ ಹೆಡ್ ಮಾಸ್ತರು. ಮನೆಯಿಂದ ಚಹಾ ತರಿಸಿಕೊಟ್ಟರು. ನಮ್ಮ ಭಾಗಕ್ಕೆ ಇಂಥ ಕೆಲಸ ಬಹಳ ಬೇಕಾಗಿದೆ ಎಂದು ಅರ್ಧ ಗಂಟೆ ಮಾತಾಡಿದರು. ಅವರು ಅರ್ಜಿ ಕೊಟ್ಟರು, ನಾನು ತುಂಬಿದೆ. 'ಕಲಾವಿದರ ಹೆಸರು, ಊರು, ಉದ್ಯೋಗ' ಎಂಬ ಸಾಲಿಗೆ ಬಂದಾಗ ಪೆನ್ನು ಸ್ವಲ್ಪ ನಿಂತಿತು. ಕಡೆಗೆ, ನಾಟಕ ಕಂಪನಿಯ ನಟಿ ಎಂದೇ ಬರೆದೆ. ಬಂದ ದಾರಿಯಲ್ಲೇ ವಾಪಸಾಗುವಾಗ ಚೌಡಾಪುರದಲ್ಲಿ ಬಸ್ಸು ನಿಂತಿತು. ಅಲ್ಲಿಂದ ಆಯಿಗೆ ಫೋನ್ ಮಾಡಿ ಆಗುವ ಲಕ್ಷಣ ಇದೆ ಎಂದೆ. ಅವರು ಹೂಂ ಎಂದರು.

ಮೂರನೆಯ ದಿನ ಹೆಡ್ ಮಾಸ್ತರ ಫೋನ್ ಬಂತು. ಭವನದಲ್ಲಿ ಪ್ರವಚನ, ವಿಚಾರ ಸಂಕಿರಣಗಳು ನಡೆಯುತ್ತವೆ, ಮನೋರಂಜನೆಗೆ ಕೊಡುವ ರೂಢಿ ಇಲ್ಲ ಎಂದರು. ಇದು ಮನೋರಂಜನೆ ಅಲ್ಲ ಸರ್ ಎಂದೆ. ತಮಗೆ ತಿಳಿಯುತ್ತದೆ, ಆದರೆ ಎಲ್ಲರಿಗೂ ತಿಳಿಯಬೇಕಲ್ಲ ಎಂದರು. ದನಿಯಲ್ಲಿ ಒಂದಿಷ್ಟೂ ಒರಟುತನವಿರಲಿಲ್ಲ. ಮದುವೆ ಹಾಲ್ ಮ್ಯಾನೇಜರನ ಮೇಲಿದ್ದುದಕ್ಕಿಂತ ಇವರ ಮೇಲೆ ನನಗೆ ಹೆಚ್ಚು ಸಿಟ್ಟಿದೆ, ಇವತ್ತಿಗೂ.

ಅವಧಿ ಮುಗಿಯಲು ಒಂದು ವಾರ ಉಳಿದಿತ್ತು. ಜೇವರ್ಗಿಯಲ್ಲಿ ತೊಗರಿ ವ್ಯಾಪಾರಿಗಳ ಸಂಘದ್ದೊಂದು ಕಟ್ಟಡವಿದೆ. ಕೆಳಗೆ ಆಫೀಸು, ಮೇಲೆ ಸಭೆಯ ಕೋಣೆ. ಸಂಘದ ಕಾರ್ಯದರ್ಶಿಯ ಮಗಳು ನಮ್ಮ ಕಾಲೇಜಿನಲ್ಲಿ ಓದಿದವಳು, ಹಾಗಾಗಿ ಅವರು ನನ್ನನ್ನು ಬಲ್ಲರು. ನಾನು ಆಯಿಯ ಹೆಸರು ಹೇಳಿದ್ದೇ ತಡ, ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಆಕೀನ ನಾ ನೋಡೇನ್ರಿ, ಸಣ್ಣಾಂವ ಇದ್ದಾಗ," ಅಂದರು. "ಏನ್ ಧ್ವನಿ ಅಂತೀರಿ. ಮೈಕ್ ಇಲ್ದೇನ ಹಿಂದಿನ ಸಾಲಿಗೂ ಮುಟ್ಟತಿತ್ತು. ಇನ್ನಾ ಅದಾರೇನ್ರಿ?"

ಇದ್ದಾರೆ ಎಂದೆ. ಕೋಣೆ ಪುಕ್ಕಟೆ ಕೊಡುತ್ತೇವೆ, ಕುರ್ಚಿ, ಮೈಕು ಎಲ್ಲ ತಮ್ಮದೇ ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಅವರು ಮೇಜಿನ ಮೇಲಿದ್ದ ತೊಗರಿ ಕಾಳಿನ ಮಾದರಿಯನ್ನು ಬೆರಳಲ್ಲಿ ಆಡಿಸುತ್ತ ಮುಂದುವರಿಸಿದರು.

"ಒಂದು ಮಾತದ್ರಿ ಮೇಡಂ. ನಮ್ಮ ಮಂದಿ ಹೆಣ್ಮಕ್ಳನ್ನ ಕರಕೊಂಡು ಬರ್ತಾರ. ನಾಳೆ ಯಾರಾರ ತಕರಾರು ಮಾಡಿದ್ರ ನನಗ ಜವಾಬು ಕೊಡಾಕ ಆಗೂದಿಲ್ಲ. ಕಥಿ ಆಕೀದೇ ಇರ್ಲಿ, ಹೇಳಾವರು ನೀವು ಆಗ್ರಿ. ನಿಮ್ಮನ್ನ ಊರಾಗ ಎಲ್ಲಾರೂ ಮರ್ಯಾದಿಯಿಂದ ನೋಡ್ತಾರ."

ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬರಬಹುದಿತ್ತು. ಅಥವಾ, ಅವರ ಧ್ವನಿಯನ್ನು ಇಷ್ಟು ವರ್ಷ ನೆನಪಿಟ್ಟುಕೊಂಡವರು ಅವರನ್ನು ಹೊರಗೆ ನಿಲ್ಲಿಸುವುದು ಹೇಗೆ ಎಂದು ಕೇಳಬಹುದಿತ್ತು. ನಾನು ಕೇಳಿದ್ದು ಒಪ್ಪಿಗೆ ಪತ್ರ ಇವತ್ತೇ ಸಿಗುತ್ತದೆಯೇ ಎಂದು. ಅಲ್ಲೇ ಟೈಪು ಮಾಡಿಸಿ ಸೀಲು ಹಾಕಿಕೊಟ್ಟರು. ನಾಟಕ ಸಾಯಬಾರದು, ಒಮ್ಮೆ ಜನ ನೋಡಿದರೆ ಮುಂದಿನ ದಾರಿ ತಾನೇ ತೆರೆಯುತ್ತದೆ ಎಂದು ಮನೆಯ ತನಕ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಾಗಿರಲಿಲ್ಲ. ತಾಲೀಮುಗಳಲ್ಲಿ ಆಯಿ ನಡೆದು ತೋರಿಸುವಾಗ, ಆ ಜಾಗದಲ್ಲಿ ನಾನಿದ್ದರೆ ಎಂದು ಎಷ್ಟೋ ಸಲ ಅನಿಸಿತ್ತು. ಅದೂ ಸುಳ್ಳಲ್ಲ.

ಭಾನುವಾರ ಆಳಂದಕ್ಕೆ ಹೋದೆ. ಆಯಿ ಮಡಿಲಲ್ಲಿ ಯಾರದೋ ಹಸಿರು ಸೀರೆ ಹರವಿಕೊಂಡು ಕೂತಿದ್ದರು. ಸಂಘದವರು ಹೀಗೆ ಹೇಳಿದರು ಎಂದು ಹೇಳಿದೆ.

"ನೀ ಏನಂದಿ?"

"ನಿಮ್ಮನ್ನ ಕೇಳಿ ಹೇಳ್ತೇನಿ ಅಂದೆ."

ಆಯಿ ಹಲ್ಲಿನಿಂದ ದಾರ ಕಡಿದರು. "ಕೇಳಾಕ ಬಂದಾಕಿ ನಾಟಕದ ವಹಿ ಯಾಕ ತಂದೀ ಬೇ?"

ನಾಟಕ ಬರೆದುಕೊಂಡಿದ್ದ ವಹಿ ನನ್ನ ತೊಡೆಯ ಮೇಲಿತ್ತು. ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತ ಬಂದಿದ್ದೆ, ಕಡಗಂಚಿ ದಾಟುವಷ್ಟರಲ್ಲಿ ಮೊದಲ ನಾಲ್ಕು ಪುಟ ಬಾಯಿಗೆ ಬಂದಿದ್ದವು. ಆಯಿ ಉತ್ತರಕ್ಕೆ ಕಾಯಲಿಲ್ಲ. ಸೀರೆ ಮಡಚಿಟ್ಟು ಎದ್ದರು, ಚಾಪೆ ಸರಿಸಿದರು, ನಡೆದು ತೋರಿಸು ಎಂದರು. ನಡೆದೆ. ಇದು ಕ್ಲಾಸಿನಲ್ಲಿ ಹಾಜರಿ ತೆಗೆದುಕೊಳ್ಳುವವಳ ನಡಿಗೆ, ರಾಣಿಯದಲ್ಲ ಎಂದರು. ನನ್ನ ಸೊಂಟಕ್ಕೆ ಕೈ ಇಟ್ಟು ತಿರುಗಿಸಿದರು, ಹಿಮ್ಮಡಿ ಎಲ್ಲಿ ಊರಬೇಕು, ಸೆರಗು ಯಾವ ಮಾತಿಗೆ ಎಳೆಯಬೇಕು ಎಂದು ಹೇಳಿಕೊಟ್ಟರು. ಆ ಭಾನುವಾರ, ಮರು ಭಾನುವಾರ, ಆಮೇಲೆ ನಾನು ರಜೆ ಹಾಕಿದ ಎರಡು ದಿನ. ಏನನ್ನೂ ಮುಚ್ಚಿಡಲಿಲ್ಲ. ಒಮ್ಮೆ ಕೂಡ ಬೇಸರದ ಮಾತಾಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು. ನಾಟಕಕ್ಕೆ ಬರುತ್ತೀರಾ ಎಂದಾಗ ಮಾತ್ರ, ಹಿರೋಳ್ಳಿಯಲ್ಲಿ ತಂಗಿಯ ಮನೆಗೆ ಹೋಗುವುದಿದೆ ಎಂದರು.

ಆಟ ಸಂಜೆ ಐದಕ್ಕೆ. ಮೆಟ್ಟಿಲ ಮೇಲೆ ಸಹ ತೊಗರಿಯ ಧೂಳಿನ ವಾಸನೆ ಇತ್ತು. ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿ, ಕೆಲವರು ಕಿಟಕಿಯ ಬಳಿ ನಿಂತರು. ಕಾರ್ಯದರ್ಶಿ, ಸಂಘದ ಹಿರಿಯರು ಮುಂದಿನ ಸಾಲಿನಲ್ಲಿ ಹೆಂಡತಿಯರೊಂದಿಗೆ ಕೂತಿದ್ದರು. ಎದೆಹಾಲಿನ ಪ್ರಸಂಗಕ್ಕೆ ಹೆಂಗಸರು ಕಣ್ಣೊರೆಸಿಕೊಂಡರು. ಮುಂದೆ ಬರಬೇಕಾದದ್ದು ಅಂಗಳದ ಊಟ. ಬಾಯಿ ತೆರೆದೆ, ಎದುರಿಗಿದ್ದ ಆ ಹಿರಿಯರ ಮುಖಗಳನ್ನು ನೋಡಿದೆ. ಎಲ್ಲರೂ ದೊಡ್ಡ ಮನೆಗಳವರೇ. ಅದನ್ನು ಬಿಟ್ಟು ಕಡೆಯ ಹಾಡಿಗೆ ಹೋದೆ. ಯಾರೂ ನನಗೆ ಅದನ್ನು ಬಿಡು ಎಂದಿರಲಿಲ್ಲ.

ಚಪ್ಪಾಳೆ ಬಹಳ ಹೊತ್ತು ಬಿತ್ತು. ಕಾರ್ಯದರ್ಶಿ ಶಾಲು ಹೊದಿಸಿ, ಹಳೆಯ ಕಲಾವಿದೆಯೊಬ್ಬಳ ಬದುಕನ್ನು ಮೇಡಂ ಕಣ್ಣಿಗೆ ಕಟ್ಟಿಸಿದರು ಎಂದರು. ಮೈಕು ನನ್ನ ಕೈಗೂ ಬಂತು. ಸಂಘಕ್ಕೆ, ಉತ್ಸವದವರಿಗೆ, ನಮ್ಮ ಪ್ರಿನ್ಸಿಪಾಲರಿಗೆ ಧನ್ಯವಾದ ಹೇಳಿದೆ. ಆಯಿಯ ಹೆಸರು ಹೇಳಲಿಲ್ಲ. ಮರೆತಿರಲಿಲ್ಲ. ಕಲಬುರಗಿಯಿಂದ ಬಂದಿದ್ದ ಉತ್ಸವದವರೊಬ್ಬರು ಕೆಳಗೆ ಇಳಿಯುವಾಗ, ಮುಂದಿನ ವರ್ಷ ಇದನ್ನು ಇನ್ನೂ ಸ್ವಲ್ಪ ಬೆಳೆಸಿ ದೊಡ್ಡ ರಂಗಮಂದಿರಕ್ಕೆ ತನ್ನಿ ಎಂದರು.

ಶಾಲು ತೆಗೆದುಕೊಂಡು ಆಳಂದಕ್ಕೆ ಹೋದೆ. ಆಯಿ ಅದರ ನೂಲನ್ನು ಬೆರಳಿನಿಂದ ಮುಟ್ಟಿ ನೋಡಿ, ಚಲೋ ಇದೆ, ನಿನಗೆ ಹಾಕಿದ್ದು ನೀನೇ ಇಟ್ಟುಕೋ ಎಂದರು. ಆಮೇಲೆ ಬಹಳ ಆಸಕ್ತಿಯಿಂದ ಎಲ್ಲೆಲ್ಲಿ ನಕ್ಕರು, ಎಲ್ಲೆಲ್ಲಿ ಸುಮ್ಮನಾದರು ಎಂದು ವಿಚಾರಿಸಿದರು. ಕಲಾವಿದೆ ಅಲ್ಲವೇ, ಕೇಳದೆ ಇರಲಾಗಲಿಲ್ಲ. ನಾನೂ ಹುರುಪಿನಿಂದ ಹೇಳುತ್ತಿದ್ದೆ.

"ಅಂಗಳದಾಗಿನ ಊಟದ್ದು ಹೇಳಿದಾಗ ಮಂದಿ ಏನಂದ್ರು?"

ಅದನ್ನು ಹೇಳಲಿಲ್ಲ ಎಂದೆ. ಸಮಯ ಕಡಿಮೆ ಇತ್ತು ಎಂದೂ ಸೇರಿಸಿದೆ.

ಆಯಿ ಕನ್ನಡಕ ಹಾಕಿಕೊಂಡು ಸೂಜಿ ಎತ್ತಿಕೊಂಡರು. ಬೆಳಕಿದ್ದಾಗಲೇ ಮುಗಿಸಬೇಕಾದ ಸೀರೆ ಇದೆ, ಬಸ್ಸಿಗೆ ಹೊತ್ತಾಗುತ್ತದೆ ಎಂದರು. ಅವತ್ತು ರೊಟ್ಟಿ ಕಟ್ಟಿಕೊಡಲಿಲ್ಲ.

ಎರಡು ತಿಂಗಳು ಬಿಟ್ಟು ಮತ್ತೆ ಹೋದೆ. ದೊಡ್ಡ ರಂಗಮಂದಿರಕ್ಕೆ ಒಂದೂವರೆ ಗಂಟೆಯ ಆಟ ಬೇಕಿತ್ತು. ಕಂಪನಿ ಮುಚ್ಚಿದ ದಿನದ್ದು, ಆಮೇಲಿನ ವರ್ಷಗಳದ್ದು ಅವರು ಯಾವತ್ತೂ ಪೂರ್ತಿ ಹೇಳಿರಲಿಲ್ಲ. ಅದನ್ನು ಹೇಳಿ ಎಂದು ಕೇಳಿದೆ. ಈ ಸಲ ನಿಮ್ಮನ್ನು ವೇದಿಕೆಗೆ ಕರೆದು ಸನ್ಮಾನ ಮಾಡಿಸುತ್ತೇನೆ ಎಂದೂ ಹೇಳಿದೆ.

"ಕೊಟ್ಟಿದ್ದು ಕೊಟ್ಟೇನ್ರಿ, ಅಕ್ಕೋರ," ಅಂದರು ಆಯಿ. "ಉಳದದ್ದು ನಂದೇ ಇರ್ಲಿ ಬಿಡ್ರಿ."

ಚಹಾ ಮಾಡಿಕೊಟ್ಟರು. ಕುಡಿದು ಬಂದೆ.

ಮರುವರ್ಷ ಕಲಬುರಗಿಯಲ್ಲಿ ಆ ಮುಕ್ಕಾಲು ಗಂಟೆಯದನ್ನೇ ಒಂದಿಷ್ಟು ಹಿಗ್ಗಿಸಿ ಆಡಿದೆ. ಅಂಗಳದ ಊಟವನ್ನು ಮತ್ತೆ ಸೇರಿಸಿದ್ದೆ. ಅಲ್ಲಿ ಯಾರ ಮುಖಕ್ಕೂ ಹೆದರಬೇಕಾಗಿರಲಿಲ್ಲ, ದೀಪಗಳ ಆಚೆ ಮುಖಗಳೇ ಕಾಣುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಆ ಭಾಗಕ್ಕೇ. ಆಳಂದದಿಂದ ಕಲಬುರಗಿಗೆ ಒಂದೇ ಬಸ್ಸು. ಆಯಿಗೆ ಬನ್ನಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ನನ್ನ ಸೀರೆಗಳಿಗೆ ಜೇವರ್ಗಿಯ ಟೇಲರ್ ಅಂಗಡಿಯಲ್ಲಿ ಮಷೀನಿನಿಂದ ಫಾಲ್ ಹಾಕಿಸುತ್ತೇನೆ.